ಕೀಲಿಕೈ ನಿನ್ನ ಸೊಂಟದಲ್ಲಿರಲಿ

ಮಗಳೇ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ‘ಕಾಕಾ, ನಮ್ಮ ಇಳಕಲ್ ಸೀರೆ ಆನ್‌ಲೈನ್‌ನಲ್ಲಿ ಮಾರಲು ಯಾವ ಪ್ಲಾಟ್‌ಫಾರ್ಮ್ ಹಿಡೀಲಿ?’ ಎಂದು ಕೇಳಿದಾಗ ನಾನು ತಕ್ಷಣ ಉತ್ತರ ಕೊಡಲಿಲ್ಲ. ನೀನು ಕಳಿಸಿದ ಪಟ್ಟಿ ನೋಡಿದೆ. ಒಂಬತ್ತು ಕಂಪನಿಗಳ ಹೆಸರು, ತಿಂಗಳ ಬಾಡಿಗೆ, ಎಷ್ಟು ಥೀಮ್‌ಗಳು ಪುಕ್ಕಟೆ ಎಂಬ ಲೆಕ್ಕ, ಎಲ್ಲ ಇತ್ತು. ನಾಳೆ ಅವರನ್ನು ಬಿಟ್ಟು ಹೊರಡಬೇಕಾಗಿ ಬಂದರೆ ನಿನ್ನ ಕೈಯಲ್ಲಿ ಏನುಳಿಯುತ್ತದೆ ಎಂಬ ಕಾಲಮ್ ಮಾತ್ರ ಇರಲಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಅದನ್ನು ಕಲಿಯಲಿಕ್ಕೆ ನಾನು ದುಡ್ಡು ತೆತ್ತಿದ್ದೇನೆ.

ನೀನಾಗ ಪಿಯುಸಿ ಓದುತ್ತಿದ್ದೆ. ನಮ್ಮ ಅಂಗಡಿಗೂ ಒಂದು ವೆಬ್‌ಸೈಟ್ ಇರಲಿ ಎಂದು ಪರಿಚಯದವರು ತೋರಿಸಿದ ಒಬ್ಬರಿಗೆ 40 ಸಾವಿರ ಕೊಟ್ಟೆ. ಕೆಲಸ ಚೆಂದವಾಗಿಯೇ ಮಾಡಿದರು. ಮುಖಪುಟದಲ್ಲಿ ನಿನ್ನ ಅಜ್ಜ ಮಗ್ಗದ ಕುಣಿಯಲ್ಲಿ ಕೂತ ಚಿತ್ರ ಹಾಕಿದ್ದರು. ಎರಡು ವರ್ಷದಲ್ಲಿ ಸುಮಾರು 300 ಜನ ಸೀರೆ ತರಿಸಿಕೊಂಡರು. ಸೊಲ್ಲಾಪುರದವರು, ಪುಣೆಯವರು, ಬೆಂಗಳೂರಿನವರು. ಆಮೇಲೊಂದು ದಿನ ಸೈಟು ತೆರೆಯಲಿಲ್ಲ. ಫೋನ್ ಮಾಡಿದರೆ ಆ ಮನುಷ್ಯ ಎತ್ತಲಿಲ್ಲ, ಊರೇ ಬಿಟ್ಟಿದ್ದರು. ವಿಚಾರಿಸಿದಾಗ ಗೊತ್ತಾಯಿತು: ಡೊಮೈನ್ ಅವರ ಹೆಸರಿನಲ್ಲಿತ್ತು, ನವೀಕರಣದ ನೋಟಿಸು ಅವರ ಇಮೇಲಿಗೆ ಹೋಗುತ್ತಿತ್ತು, ಹೋಸ್ಟಿಂಗ್ ಖಾತೆಯೂ ಅವರದೇ. ಅವಧಿ ಮುಗಿದ ಡೊಮೈನ್ ಕೆಲವು ವಾರ ಮಾಲೀಕನಿಗಾಗಿ ಕಾಯುತ್ತದೆ, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ನಮ್ಮದನ್ನು ಯಾರೋ ಕೊಂಡಿದ್ದರು. ಆ ವಿಳಾಸ ನಮ್ಮ ಸೀರೆ ಪೆಟ್ಟಿಗೆಗಳ ಮೇಲೆಲ್ಲ ಅಚ್ಚಾಗಿತ್ತು. ಅದಕ್ಕಿಂತ ಹೆಚ್ಚು ನೋವಾದದ್ದು ಆ 300 ಜನರ ಹೆಸರು, ನಂಬರು, ಯಾರು ಯಾವ ದಡಿಯ ಸೀರೆ ಒಯ್ದರು ಎಂಬ ಲೆಕ್ಕ ಹೋದದ್ದಕ್ಕೆ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರೂ ಉಳಿಯುತ್ತಿತ್ತು.

ಹಾಗಾಗಿ ಯಾವುದೇ ಪ್ಲಾಟ್‌ಫಾರ್ಮ್ ಹಿಡಿ, ನಾಲ್ಕು ಸಂಗತಿ ನಿನ್ನ ಹೆಸರಿನಲ್ಲೇ ಇರಬೇಕು: ಡೊಮೈನ್, ಅದಕ್ಕೆ ಜೋಡಿಸಿದ ಇಮೇಲ್, ಹಣ ಬಂದು ಬೀಳುವ ಬ್ಯಾಂಕ್ ಖಾತೆ, ಗಿರಾಕಿಗಳ ಪಟ್ಟಿ. ಸೈಟು ಕಟ್ಟಿಕೊಡುವವರಿಗೆ ಕೆಲಸ ಮಾಡಲು ಬೇಕಾದಷ್ಟು ಪ್ರವೇಶ ಕೊಡು, ಮಾಲೀಕರ ಪಾಸ್‌ವರ್ಡ್ ಕೊಡಬೇಡ. ಅವರ ಮೇಲೆ ಸಂಶಯದಿಂದ ಹೇಳುತ್ತಿಲ್ಲ. ಮನೆ ಕಟ್ಟಿದ ಮೇಸ್ತ್ರಿಯ ಹೆಸರಿಗೆ ನಾವು ಉತಾರ ಮಾಡಿಸುವುದಿಲ್ಲವಲ್ಲ, ಇದೂ ಹಾಗೆಯೇ.

ಈಗ ನಿನ್ನ ಪಟ್ಟಿಗೆ ಬರೋಣ. ಅದರಲ್ಲಿ ಮೂರು ಬೇರೆ ಬೇರೆ ಜಾತಿಯ ಅಂಗಡಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದೀ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಇವೆಲ್ಲ ಸಂತೆ. ಜನ ಆಗಲೇ ನೆರೆದಿರುತ್ತಾರೆ, ನೀನು ಗೋಣಿಚೀಲ ಹಾಸಿ ಕೂತರೆ ಸಾಕು. ಆದರೆ ಪಕ್ಕದಲ್ಲೇ ಪವರ್‌ಲೂಮಿನ ಸೀರೆಯನ್ನು 600 ರೂಪಾಯಿಗೆ ಇಟ್ಟವನು ಕೂತಿರುತ್ತಾನೆ, ಅವನ ಹಣೆಯ ಮೇಲೂ ‘ಇಳಕಲ್’ ಎಂದೇ ಬರೆದಿರುತ್ತದೆ. ಅಲ್ಲಿ ಕೊಂಡವಳು ಸಂತೆಯ ಗಿರಾಕಿ, ನಿನ್ನವಳಲ್ಲ. ದೀಪಾವಳಿಗೆ ಹೊಸ ಮಾಲು ಬಂದಿದೆ ಎಂದು ಹೇಳಲು ಅವಳ ನಂಬರ್ ನಿನಗೆ ಸಿಗುವುದಿಲ್ಲ. ಶಾಪಿಫೈ ಬಾಡಿಗೆ ಮಳಿಗೆ. ದೀಪ, ಬಾಗಿಲು, ಕಾವಲು ಎಲ್ಲ ಅವರದು, ತಿಂಗಳಿಗೆ ಬಾಡಿಗೆ. ವೂಕಾಮರ್ಸ್ ಸ್ವಂತ ಜಾಗ. ತಂತ್ರಾಂಶ ಪುಕ್ಕಟೆ, ಆದರೆ ಹೋಸ್ಟಿಂಗ್ ಖರ್ಚು, ಅಪ್‌ಡೇಟ್, ಬ್ಯಾಕಪ್ ಎಲ್ಲ ನಿನ್ನ ತಲೆಯ ಮೇಲೆ. ಸೋರಿದರೆ ಮಾಳಿಗೆ ನೀನೇ ಹತ್ತಬೇಕು.

ಶಾಪಿಫೈ ಹುಟ್ಟಿದ್ದು ಹೇಗೆ ಎಂದು ಓದಿದಾಗ ನನಗೆ ಬಹಳ ಇಷ್ಟವಾಯಿತು. ಟೋಬಿ ಲುಟ್ಕೆ ಎಂಬವರು 2004ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಹಿಮದ ಮೇಲೆ ಜಾರುವ ಹಲಗೆಗಳನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟರು. ಆಗಿದ್ದ ತಂತ್ರಾಂಶ ಯಾವುದೂ ಸರಿಬರಲಿಲ್ಲ, ತಾವೇ ಬರೆದುಕೊಂಡರು. 2006ರಲ್ಲಿ ಅದೇ ಬೇರೆಯವರಿಗೂ ಅಂಗಡಿ ಕಟ್ಟಿಕೊಡುವ ವ್ಯವಹಾರವಾಯಿತು. ಮೊದಲು ಕೈಯಲ್ಲಿ ಸರಕು ಇತ್ತು, ಅದರ ಕಷ್ಟ ಗೊತ್ತಿತ್ತು, ಆಮೇಲೆ ಸಲಕರಣೆ ಬಂತು. ನೀನೂ ಹಾಗೆ ನಮ್ಮ ಸೀರೆಯ ಕಡೆಯಿಂದ ನೋಡುತ್ತ ಬಾ.

ನಮ್ಮ ಸರಕಿನ ಸ್ವಭಾವವೇನು? ಕೈಮಗ್ಗದ ಸೀರೆ ಒಂದು ಬಣ್ಣದಲ್ಲಿ ಒಂದೇ ಇರಬಹುದು. ನವಿಲು ಹಸಿರಿನ ಗೋಮಿ ದಡಿಯ ಸೀರೆಯನ್ನು ನೀನು ಸೈಟಿನಲ್ಲಿ ಹಾಕಿದ ಮಧ್ಯಾಹ್ನವೇ ನಿಮ್ಮಪ್ಪ ಅಂಗಡಿಗೆ ಬಂದ ಬೀಗರಿಗೆ ಅದನ್ನು ಮಾರಿಬಿಡುತ್ತಾನೆ. ಸಂಜೆ ಆರ್ಡರ್ ಬಂದರೆ ಗಿರಾಕಿಗೆ ಏನು ಹೇಳುತ್ತೀ? ಆದ್ದರಿಂದ ಸ್ಟಾಕ್ ಎಣಿಕೆ ‘ಒಂದು’ ಎಂದು ಹಾಕಿದರೆ ಮಾರಾಟವಾದ ಕ್ಷಣವೇ ಕೊಳ್ಳುವ ಬಟನ್ ಮುಚ್ಚಿಕೊಳ್ಳಬೇಕು, ಅಪ್ಪನ ಫೋನಿನಿಂದಲೂ ಅದನ್ನು ಒಂದೇ ಒತ್ತಿಗೆ ತೆಗೆಯಲು ಬರಬೇಕು. ಎರಡನೆಯದು ಫಾಲ್, ಪೀಕೊ, ಕುಚ್ಚು. ಅರ್ಧಕ್ಕರ್ಧ ಜನ ‘ಉಡಲಿಕ್ಕೆ ತಯಾರು ಮಾಡಿ ಕಳಿಸಿ’ ಎನ್ನುತ್ತಾರೆ. ಅದಕ್ಕೆ ಬೇರೆ ದರ, ನಾಲ್ಕು ದಿನ ಹೆಚ್ಚು, ಮತ್ತು ಫಾಲ್ ಹಚ್ಚಿದ ಸೀರೆ ವಾಪಸ್ ಇಲ್ಲ. ಈ ಆಯ್ಕೆಯನ್ನು ಸೀರೆಯ ಪುಟದಲ್ಲೇ ತೋರಿಸಲು ಹೆಚ್ಚುವರಿ ಆ್ಯಪ್ ಕೊಳ್ಳಬೇಕೇ ಎಂದು ಮೊದಲೇ ಕೇಳು. ಮೂರನೆಯದು ವಿಳಾಸ. ಮನೆ ನಂಬರು, ರಸ್ತೆ ಕಡ್ಡಾಯ ಎನ್ನುವ ಫಾರಂ ನಮ್ಮ ಹಳ್ಳಿಯವರಿಗೆ ಹೊಂದುವುದಿಲ್ಲ. ‘ಬಸವಣ್ಣನ ಗುಡಿ ಹಿಂದೆ’ ಎಂದು ಬರೆಯಲು ಜಾಗ ಬೇಕು, ಎರಡನೇ ಫೋನ್ ನಂಬರ್ ಬೇಕು.

ಇನ್ನು ದುಡ್ಡಿನ ಲೆಕ್ಕ. ಪೆನ್ನು ತಗೊಂಡು ಕೂಡು. 2,400 ರೂಪಾಯಿ ಸೀರೆ, ಅದರಲ್ಲಿ ನಿನಗೆ ಉಳಿಯುವುದು 600 ಎಂದುಕೊ. ಪೇಮೆಂಟ್ ಗೇಟ್‌ವೇ ಶೇ. 2 ಹಿಡಿದರೆ 48, ಆ 48ರ ಮೇಲೆ ಶೇ. 18 ಜಿಎಸ್‌ಟಿ, ಹತ್ತಿರ ಹತ್ತಿರ 57 ಹೋಯಿತು. ಶಾಪಿಫೈಯ ಸ್ವಂತ ಪೇಮೆಂಟ್ ಸೇವೆ ಭಾರತದಲ್ಲಿಲ್ಲ, ಬೇರೆ ಗೇಟ್‌ವೇ ಬಳಸಿದ್ದಕ್ಕೆ ಬೇಸಿಕ್ ಪ್ಲ್ಯಾನಿನಲ್ಲಿ ಅವರು ಶೇ. 2 ಬೇರೆ ಹಿಡಿಯುತ್ತಾರೆ. ಇದನ್ನು ನಿನ್ನ ಪಟ್ಟಿಯಲ್ಲಿ ಬಿಟ್ಟಿದ್ದೀ. ಅದು ಇನ್ನೊಂದು 48. ಕೊರಿಯರ್ 100, ಪೆಟ್ಟಿಗೆ-ಪ್ಯಾಕಿಂಗ್ 40 ಹಿಡಿ. ಅಲ್ಲಿಗೆ 245. ಬಾಡಿಗೆ, ಆ್ಯಪ್‌ಗಳು ಸೇರಿ ತಿಂಗಳಿಗೆ 2,000 ಎಂದರೆ, ಹತ್ತು ಸೀರೆ ಮಾರುವ ತಿಂಗಳಲ್ಲಿ ಸೀರೆಗೆ 200 ಬೀಳುತ್ತದೆ. 600ರಲ್ಲಿ ಉಳಿದದ್ದು 155. ಅದೇ ತಿಂಗಳಿಗೆ 40 ಸೀರೆ ಹೋದರೆ 305 ಉಳಿಯುತ್ತದೆ. ಪ್ಲಾಟ್‌ಫಾರ್ಮ್ ತುಟ್ಟಿಯೋ ಅಗ್ಗವೋ ಎಂಬುದು ನೀನು ಎಷ್ಟು ಮಾರುತ್ತೀ ಎಂಬುದರ ಮೇಲೆ ನಿಂತಿದೆ, ತಾಯಿ.

ಕ್ಯಾಶ್ ಆನ್ ಡೆಲಿವರಿ ಬಗ್ಗೆ ಕಟ್ಟುನಿಟ್ಟಾಗಿರು. ಬಾಗಿಲಿಗೆ ಹೋದ ಸೀರೆಯನ್ನು ಬೇಡವೆಂದು ತಿರುಗಿಸಿದರೆ ಹೋಗುವ 100, ಬರುವ 100, ಪ್ಯಾಕಿಂಗ್ 40, ಒಟ್ಟು 240 ನಿನ್ನ ತಲೆಗೆ. ಮಾರುವವರು ಇದನ್ನು ಆರ್‌ಟಿಒ ಎನ್ನುತ್ತಾರೆ. ಹತ್ತು ಸೀರೆ ಮಾರುವ ತಿಂಗಳಲ್ಲಿ ಇಂಥ ಒಂದೇ ಒಂದು ಪೊಟ್ಟಣ ಒಂದೂವರೆ ಸೀರೆಯ ಗಳಿಕೆಯನ್ನು ತಿಂದುಹಾಕುತ್ತದೆ. ಮೊದಲ ಆರು ತಿಂಗಳು ಮುಂಗಡ ಹಣಕ್ಕಷ್ಟೇ ಮಾರು. ಯುಪಿಐ ಈಗ ಹಳ್ಳಿಯ ಚಹಾದಂಗಡಿಗೂ ಬಂದಿದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಹಣ ಕಳಿಸಿದ ಸ್ಕ್ರೀನ್‌ಶಾಟ್ ಬಂದಿತೆಂದು ಸೀರೆ ಕಟ್ಟಬೇಡ. ಖಾತೆಯಲ್ಲಿ ಹಣ ಕಂಡ ಮೇಲೆ ಕಟ್ಟು. ಸ್ಕ್ರೀನ್‌ಶಾಟನ್ನು ಸುಳ್ಳಾಗಿ ಮಾಡುವುದು ಮಕ್ಕಳಾಟ. ಪೆಟ್ಟಿಗೆಯೂ ಹದವಾಗಿರಲಿ: ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವ ಕಿಲೋ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದನ್ನೇ ಬಹಳಷ್ಟು ಕೊರಿಯರಿನವರು ತೂಕ ಎಂದು ಹಿಡಿಯುತ್ತಾರೆ. ಅರ್ಧ ಕಿಲೋ ಸೀರೆಗೆ ಉಬ್ಬಿದ ಪೆಟ್ಟಿಗೆ ಹಾಕಿ ಎರಡು ಕಿಲೋ ದರ ಕೊಟ್ಟವರನ್ನು ನೋಡಿದ್ದೇನೆ.

ತೆರಿಗೆಗೆ ಒಬ್ಬ ಒಳ್ಳೆಯ ಲೆಕ್ಕಿಗರನ್ನು ಹಿಡಿ. ಹೊರರಾಜ್ಯಕ್ಕೆ ಸರಕು ಮಾರಿದರೆ ವಹಿವಾಟು ಚಿಕ್ಕದಿದ್ದರೂ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕು. ಕರಕುಶಲ ಸರಕಿಗೆ ಕೆಲವು ವಿನಾಯಿತಿಗಳಿವೆ, ನಿನ್ನ ಸೀರೆಯನ್ನು ಮುಂದಿಟ್ಟು ಕೇಳು. ಸಂತೆಯಲ್ಲಿ ಮಾರಿದರೆ ಆ ಕಂಪನಿಯವರು ಶೇ. 0.5 ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ (2024ರ ಜುಲೈ ತನಕ ಶೇ. 1 ಇತ್ತು), ಅದು ಕಳೆದುಹೋದ ಹಣವಲ್ಲ, ಲೆಕ್ಕದಲ್ಲಿ ಹಿಂದೆ ಪಡೆಯಬಹುದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸೈಟಿನಲ್ಲಿ ವಿಳಾಸ, ದೂರು ಕೇಳುವವರ ಹೆಸರು ಇರಬೇಕು, ದೂರು ಬಂದರೆ 48 ಗಂಟೆಯೊಳಗೆ ಮುಟ್ಟಿತೆಂದು ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಕಾಯ್ದೆ ಇಲ್ಲದಿದ್ದರೂ ನಮ್ಮ ಮನೆತನದ ಅಂಗಡಿ ಅಷ್ಟು ಮಾಡುತ್ತಿತ್ತು.

ನಾನು ನಿಜವಾಗಿ ನಿನ್ನ ಸಮಯ ಬೇಡುವುದು ಫೋಟೊ ಮತ್ತು ಬರವಣಿಗೆಗೆ. ನಮ್ಮ ಸೀರೆಯ ಮಾನ ಇರುವುದು ಕೊಂಡಿಯಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಒಂದೊಂದು ಎಳೆಯನ್ನೂ ಇನ್ನೊಂದರ ಕುಣಿಕೆಯಲ್ಲಿ ಸಿಕ್ಕಿಸಿ ಜೋಡಿಸುತ್ತಾರೆ. ಹಾಗೆ ಜೋಡಿಸಬೇಕಾದ್ದರಿಂದಲೇ ಆರೋ, ಎಂಟೋ, ಒಂಬತ್ತೋ ಗಜಕ್ಕೆ ಒಂದೊಂದು ಸೀರೆಗೂ ಪ್ರತ್ಯೇಕ ಹಾಸು ಮಾಡಬೇಕು. ನಿನ್ನ ಅಜ್ಜಿ ಕಂದೀಲಿನ ಬೆಳಕಿನಲ್ಲಿ ಕೊಂಡಿ ಹಾಕುತ್ತಿದ್ದಳು. ಬೆರಳ ತುದಿಗೆ ಬೂದಿ ಹಚ್ಚಿಕೊಂಡು, ಕಣ್ಣು ಎತ್ತದೆ. ಆ ಜೋಡಣೆಯ ಸಾಲು ಕಾಣುವಂತೆ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಪಡಸಾಲೆಯ ಕಿಟಕಿಯ ಪಕ್ಕ, ಫ್ಲ್ಯಾಷ್ ಇಲ್ಲದೆ ಒಂದು ಹತ್ತಿರದ ಚಿತ್ರ ತೆಗೆ. ಸೀರೆಯ ಹಿಂಬದಿಯದೊಂದು. ದಡಿಯ ಮೇಲೆ ಅಳತೆಪಟ್ಟಿ ಇಟ್ಟು ಒಂದು. ಬಣ್ಣ ಹೆಚ್ಚಿಸುವ ಫಿಲ್ಟರ್ ಹಾಕಲೇಬೇಡ. ದಾಳಿಂಬೆ ಕೆಂಪನ್ನು ಕುಂಕುಮದ ಕೆಂಪಾಗಿ ತೋರಿಸಿದ ದಿನವೇ ಆ ಸೀರೆ ವಾಪಸ್ ಹೊರಟಿತೆಂದು ತಿಳಿ.

ಬರೆಯುವಾಗ ಒಡಲು ಹತ್ತಿಯೋ ರೇಷ್ಮೆಯೋ, ಸೆರಗು ಶುದ್ಧ ರೇಷ್ಮೆಯೋ ಕೃತಕ ರೇಷ್ಮೆಯೋ, ಕೈಮಗ್ಗವೋ ಪವರ್‌ಲೂಮೋ ಎಂದು ಮೊದಲ ಎರಡು ಸಾಲಿನಲ್ಲೇ ಹೇಳು. ಪವರ್‌ಲೂಮ್ ಸೀರೆ ಮಾರುವುದು ತಪ್ಪಲ್ಲ, ಅದನ್ನು ಕೈಮಗ್ಗವೆಂದು ಮಾರುವುದು ನಮ್ಮ ಓಣಿಯ ನೇಕಾರರ ಅನ್ನಕ್ಕೆ ಕೈಹಾಕಿದಂತೆ. ಚಿಕ್ಕಿ ಪರಾಸ, ಗೋಮಿ, ಗಾಯತ್ರಿ ಎಂದು ದಡಿಯ ಹೆಸರುಗಳನ್ನು ಕನ್ನಡದಲ್ಲೇ ಬರೆ, ಅರ್ಥ ಪಕ್ಕದಲ್ಲಿರಲಿ. ಇನ್ನೊಂದು ಮಾತು: ಮಹಾರಾಷ್ಟ್ರದವರು ನಮ್ಮ ಸೀರೆಯನ್ನು ‘ಇರಕಲ್’ ಎನ್ನುತ್ತಾರೆ, ಹುಡುಕುವುದೂ ಹಾಗೆಯೇ. ಪ್ರತಿ ಪುಟದಲ್ಲಿ ಆ ಹೆಸರೂ ಒಮ್ಮೆ ಬರಲಿ, ಮರಾಠಿಯಲ್ಲಿ ನಾಲ್ಕು ಸಾಲೂ ಇರಲಿ. ಇಷ್ಟು ಬರೆದದ್ದನ್ನೂ ಚಿತ್ರಗಳನ್ನೂ ನಿನ್ನ ಕಂಪ್ಯೂಟರಿನಲ್ಲಿ ಬೇರೆಯಾಗಿ ಇಟ್ಟುಕೊ. ಪ್ಲಾಟ್‌ಫಾರ್ಮ್ ಬದಲಿಸುವಾಗ ಸೀರೆಗಳ ಪಟ್ಟಿ, ಗಿರಾಕಿಗಳ ಪಟ್ಟಿ ಸಿಎಸ್‌ವಿ ಕಡತವಾಗಿ ಇಳಿಯುತ್ತವೆ. ಥೀಮ್ ನಿನ್ನ ಜೊತೆ ಬರುವುದಿಲ್ಲ, ಹಳೆಯ ಲಿಂಕುಗಳೂ ಕೆಡಬಹುದು. ಪ್ರತಿ ತಿಂಗಳ ಒಂದನೇ ತಾರೀಖು ಆ ಕಡತಗಳನ್ನು ಇಳಿಸಿಕೊಳ್ಳುವ ರೂಢಿ ಮಾಡಿಕೊ.

ನನ್ನ ಅಭಿಪ್ರಾಯ ಕೇಳಿದರೆ ಇದು. ಈ ಎರಡು ತಿಂಗಳು ಡೊಮೈನ್ ಬಿಟ್ಟು ಬೇರೆ ಯಾವುದನ್ನೂ ಕೊಳ್ಳಬೇಡ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಇಪ್ಪತ್ತು ಸೀರೆಯ ಕ್ಯಾಟಲಾಗ್ ಹಾಕಿ ಪರಿಚಯದವರ ಆಚೆಗೆ ಮೂವತ್ತು ಸೀರೆ ಮಾರು. ಗಿರಾಕಿಗಳು ಏನು ಕೇಳುತ್ತಾರೆ, ಎಲ್ಲಿ ಅನುಮಾನ ಪಡುತ್ತಾರೆ ಎಂದು ಬರೆದಿಡು. ಆಮೇಲೆ ನಿನಗೆ ತಾಂತ್ರಿಕ ಕೆಲಸಕ್ಕೆ ವಾರಕ್ಕೆ ಎರಡು ತಾಸು ಸಿಗುವುದಾದರೆ ವೂಕಾಮರ್ಸ್ ಹಾಕಿಸು. ಸಿಗುವುದಿಲ್ಲವಾದರೆ ಶಾಪಿಫೈಗೆ ಬಾಡಿಗೆ ಕೊಡು, ಬೇಸರ ಪಡಬೇಡ. ಸಂತೆಯಲ್ಲೂ ನಾಲ್ಕು ಸೀರೆ ಇಡು, ಪೆಟ್ಟಿಗೆಯೊಳಗೆ ನೇಯ್ದವರ ಹೆಸರಿನ ಚೀಟಿ ಇರಲಿ.

ಸೈಟು ತಯಾರಾದ ಮೇಲೆ ಯಾರಿಗೂ ಹೇಳುವ ಮುಂಚೆ ನಿಮ್ಮವ್ವನ ಕೈಗೆ ಅವಳದೇ ಹಳೆಯ ಫೋನ್ ಕೊಟ್ಟು ‘ಒಂದು ಸೀರೆ ಕೊಳ್ಳು’ ಎನ್ನು. ನೀನು ಪಕ್ಕದಲ್ಲಿ ಕೂತು ನೋಡು, ಬಾಯಿ ಬಿಡಬೇಡ. ಚಿತ್ರ ಬರಲು ತಡವಾದರೆ ಅವಳು ಎಷ್ಟು ಹೊತ್ತು ಕಾಯುತ್ತಾಳೆ, ಪಿನ್‌ಕೋಡ್ ಹಾಕುವಾಗ ಎಲ್ಲಿ ತಡವರಿಸುತ್ತಾಳೆ, ಹಣ ಕಟ್ಟುವಾಗ ಯಾವ ಪದ ಓದಿ ಕೈ ಹಿಂದೆಗೆಯುತ್ತಾಳೆ, ಅದನ್ನೆಲ್ಲ ಬರೆದುಕೊ. ಇನ್ನೊಮ್ಮೆ ಹಣ ಕಟ್ಟುವ ನಡುವೆ ನೆಟ್ ಕಡಿದು ನೋಡು. ಆಗ ಗಿರಾಕಿಗೆ ಯಾವ ಸಂದೇಶ ಹೋಗುತ್ತದೆ? ಕೊಂಡ ಸೀರೆಯನ್ನು ವಾಪಸ್ ಮಾಡಿಸು, ಹಣ ಎಷ್ಟು ದಿನಕ್ಕೆ ಮರಳುತ್ತದೆ ಎಂದು ಎಣಿಸು.

ಸೋಮವಾರ ಡೊಮೈನ್ ಕೊಳ್ಳುತ್ತೇನೆ ಎಂದಿದ್ದೀ. ನಿನ್ನ ಹೆಸರು, ನಿನ್ನ ಇಮೇಲ್, ನಿನ್ನ ಕಾರ್ಡು. ಒಂದು ವರ್ಷಕ್ಕೆ ಬೇಡ, ಐದು ವರ್ಷಕ್ಕೆ ಕಟ್ಟು, ಕಡಿಮೆ ಬಿದ್ದರೆ ನಾನು ಕೊಡುತ್ತೇನೆ. ರಸೀದಿಯನ್ನು ಪ್ರಿಂಟ್ ತೆಗೆಸಿ, ಮುಗಿಯುವ ತಾರೀಖನ್ನು ಕೆಂಪು ಪೆನ್ನಿನಲ್ಲಿ ಗುರುತಿಸಿ, ಒಳಕೋಣೆಯ ಟ್ರಂಕಿನಲ್ಲಿ ಮನೆಯ ಉತಾರ ಇಟ್ಟ ಹಳದಿ ಫೈಲಿದೆಯಲ್ಲ, ಅದರೊಳಗೆ ಇಡು.