ವೈರಸ್ಸಿಗೆ ಸಿಗದ ಸೌತೆ

ಬೂಷ್ಟು ರೋಗ ಬಂದರೆ ಔಷಧಿ ಹೊಡೆಯಬಹುದು, ಹುಳ ಬಿದ್ದರೂ ಹೊಡೆಯಬಹುದು. ವೈರಸ್ ತಗುಲಿದ ಗಿಡಕ್ಕೆ ಮಾತ್ರ ಮದ್ದಿಲ್ಲ, ಕಿತ್ತು ಸುಡಬೇಕು. ಹಾಗಾಗಿ ರೋಗವೇ ತಗುಲದ ತಳಿ ಬೇಕು. ಜೀನ್ ಎಡಿಟಿಂಗ್‌ನಿಂದ ಅಂಥ ತಳಿ ಹುಟ್ಟುವುದು ಹೇಗೆಂದು ತಿಳಿಯಲು, ಇಸ್ರೇಲಿನ ವೋಲ್ಕಾನಿ ಕೇಂದ್ರದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಸೌತೆಯ ಪ್ರಯೋಗ ಒಳ್ಳೆಯ ಪಾಠ.

ಮೊದಲು ವೈರಸ್ಸಿನ ಬಡತನ ಅರ್ಥವಾಗಬೇಕು. ಅದಕ್ಕಿರುವುದು ಬೆರಳೆಣಿಕೆಯ ಜೀನುಗಳು. ಪ್ರೋಟೀನ್ ತಯಾರಿಸುವ ವ್ಯವಸ್ಥೆ ಸ್ವಂತದ್ದಿಲ್ಲ, ಗಿಡದ್ದನ್ನೇ ಬಳಸಬೇಕು. ಗಿಡದ ಜೀವಕೋಶದಲ್ಲಿ ಇಐಎಫ್4ಇ ಎಂಬ ಪ್ರೋಟೀನ್ ಇದೆ. ಆರ್‌ಎನ್‌ಎ ಸಂದೇಶದ ತುದಿಯನ್ನು ಹಿಡಿದು ಪ್ರೋಟೀನ್ ತಯಾರಿಕೆಗೆ ಹಚ್ಚುವುದು ಅದರ ಕೆಲಸ. ಪಾಟಿವೈರಸ್ ಬಳಗದವು ತಮ್ಮ ಆರ್‌ಎನ್‌ಎ ತುದಿಗೆ ಪುಟ್ಟದೊಂದು ಪ್ರೋಟೀನ್ ಅಂಟಿಸಿಕೊಂಡು ಈ ಇಐಎಫ್4ಇಯನ್ನೇ ಹಿಡಿದುಕೊಳ್ಳುತ್ತವೆ. ಕರೆಯೋಲೆ ಇಲ್ಲದವನು ನೆಂಟರೊಬ್ಬರ ಹೆಗಲಿಗೆ ಕೈಹಾಕಿಕೊಂಡು ಮದುವೆ ಊಟದ ಪಂಕ್ತಿಗೆ ಬಂದು ಕೂತ ಹಾಗೆ!

ಆ ಪ್ರೋಟೀನನ್ನೇ ಇಲ್ಲವಾಗಿಸಿದರೆ ಗಿಡವೂ ಸಾಯುವುದಿಲ್ಲವೇ? ಕೇಳಲೇಬೇಕಾದ ಪ್ರಶ್ನೆ. ಸಾಯುವುದಿಲ್ಲ. ಅದೇ ಕೆಲಸ ಮಾಡಬಲ್ಲ ಇನ್ನೊಂದು ಪ್ರೋಟೀನ್ ಗಿಡದಲ್ಲಿದೆ. ಬದುಕು ಅದರಿಂದ ಸಾಗುತ್ತದೆ.

ಇನ್ನು ಆ ಪ್ರೋಟೀನಿನ ಜೀನ್ ಕೆಡಿಸಲು ಬಳಸಿದ ಕ್ರಿಸ್ಪರ್ ಎಂಬ ಜೀನ್ ಎಡಿಟಿಂಗ್ ತಂತ್ರ. ಮಾರ್ಗದರ್ಶಿ ಆರ್‌ಎನ್‌ಎ ಜಾಗ ತೋರಿಸುತ್ತದೆ, ಕ್ಯಾಸ್9 ಕಿಣ್ವ ಅಲ್ಲಿ ಡಿಎನ್‌ಎ ಕತ್ತರಿಸುತ್ತದೆ. ಜೀವಕೋಶ ಅದನ್ನು ಮತ್ತೆ ಜೋಡಿಸುವಾಗ ಒಂದಷ್ಟು ಅಕ್ಷರಗಳು ಬಿಟ್ಟುಹೋಗಿ ಜೀನ್ ಕೆಡುತ್ತದೆ. ಕೆಡಿಸುವುದೇ ಇಲ್ಲಿ ಉದ್ದೇಶ. ಕ್ಯಾಸ್9 ತಯಾರಾಗಲು ಹೊರಗಿನ ಜೀನನ್ನು ಸೌತೆಗೆ ಸೇರಿಸಿದ್ದು ನಿಜ. ಆದರೆ ಮುಂದಿನ ತಲೆಮಾರುಗಳಲ್ಲಿ ಆ ಜೀನ್ ಬಾರದ, ಬದಲಾವಣೆ ಮಾತ್ರ ಉಳಿದ ಸಸಿಗಳನ್ನು ಆರಿಸಿಕೊಂಡರು. ಹೀಗೆ ಹೊರಗಿನ ಜೀನ್ ಉಳಿಯದ ಗಿಡಗಳಿಗೆ ಭಾರತ ಸರ್ಕಾರ 2022ರಲ್ಲಿ ಕುಲಾಂತರಿ ಬೆಳೆಗಳ ಬಿಗಿ ನಿಯಮಗಳಿಂದ ವಿನಾಯಿತಿ ಕೊಟ್ಟಿತು.

ಜೀನಿನ ಎರಡೂ ಪ್ರತಿಗಳು ಕೆಟ್ಟ ಸೌತೆಗೆ, ನರಗಳನ್ನು ಹಳದಿಯಾಗಿಸುವ ವೈರಸ್ ತಗುಲಲೇ ಇಲ್ಲ. ಪಪ್ಪಾಯಿ ಉಂಗುರ ಚುಕ್ಕೆ ವೈರಸ್ಸಿನ ಸೌತೆ ಬಳಗಕ್ಕೆ ತಗುಲುವ ಬಗೆಯನ್ನೂ ಅದು ತಡೆದುಕೊಂಡಿತು. ಆದರೆ ಒಂದೇ ಪ್ರತಿ ಕೆಟ್ಟ ಗಿಡಕ್ಕೆ ರೋಗ ಬಂತು. ಹೈಬ್ರಿಡ್ ಬೀಜ ಮಾಡುವವರಿಗೆ ಇದೇ ತಲೆನೋವು: ಗಂಡು ಸಾಲು, ಹೆಣ್ಣು ಸಾಲು ಎರಡರಲ್ಲೂ ಬದಲಾವಣೆ ಇರಬೇಕು.

ಪ್ರಕೃತಿಗೆ ಈ ಉಪಾಯ ಹೊಸದಲ್ಲ. ಇದೇ ಜೀನ್ ತಾನಾಗಿ ಬದಲಾದ ಮೆಣಸಿನ ಗಿಡಗಳನ್ನು ತಳಿಗಾರರು ದಶಕಗಳಿಂದ ಬಳಸುತ್ತಿದ್ದರು; ಅದು ಯಾವ ಜೀನ್ ಎಂದು ಬಯಲಾದದ್ದು 2002ರಲ್ಲಿ.

ನಮ್ಮ ಟೊಮೆಟೊ ರೈತರನ್ನು ಕಾಡುವ ಎಲೆ ಮುಟುರು ರೋಗಕ್ಕೆ ಇದು ನಡೆಯದು. ಬಿಳಿ ನೊಣ ಹರಡುವ ಆ ವೈರಸ್ಸಿನದು ಡಿಎನ್‌ಎ. ಅದರ ದಾರಿ ಬೇರೆ. ಅಂಥ ವೈರಸ್ಸಿನ ಡಿಎನ್‌ಎಯನ್ನೇ ಕತ್ತರಿಸುವಂತೆ ಮರಗೆಣಸಿಗೆ ಕ್ಯಾಸ್9 ಸೇರಿಸಿ ನೋಡಿದ್ದೂ ಉಂಟು. 2019ರಲ್ಲಿ ಬಂದ ಫಲಿತಾಂಶ ಎದೆಗುಂದಿಸುವಂಥದ್ದು: ಗಿಡಕ್ಕೆ ರೋಗ ತಪ್ಪಲಿಲ್ಲ, ಜೊತೆಗೆ ಒಂದೇ ಅಕ್ಷರ ಬದಲಿಸಿಕೊಂಡು ಕ್ಯಾಸ್9ಗೆ ಸಿಗದ ವೈರಸ್ ಹುಟ್ಟಿಕೊಂಡಿತ್ತು.