ಮನೆಮಂದಿಯೆಲ್ಲ ಕೂಡಿ ನೋಡೋಣ: ಹಳೆಯ ಧಾರಾವಾಹಿಗಳು ಕಲಿಸುವ ಪಾಠ



ನಿಮ್ಮ ಮನೆಯ ನಿನ್ನೆಯ ಸಂಜೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ರಾತ್ರಿ ಎಂಟರ ಹೊತ್ತಿಗೆ ಮನೆಯಲ್ಲಿ ಎಷ್ಟು ಜನರಿದ್ದಿರಿ? ಅವರಲ್ಲಿ ಎಷ್ಟು ಜನ ಒಂದೇ ವಿಷಯಕ್ಕೆ ಕಣ್ಣು ಕಿವಿ ಕೊಟ್ಟಿದ್ದಿರಿ? ಮಗ ಒಂದು ಮೂಲೆಯಲ್ಲಿ ಮೊಬೈಲು ಹಿಡಿದು ಕುಳಿತಿದ್ದ, ಮಗಳು ಇನ್ನೊಂದು ಮೂಲೆಯಲ್ಲಿ. ತಾಯಿ ಅಡಿಗೆ ಮನೆಯಿಂದಲೇ ಧಾರಾವಾಹಿಗೆ ಕಿವಿಗೊಟ್ಟಿದ್ದರು. ತಂದೆ ಸುದ್ದಿ ನೋಡುತ್ತಲೇ ನಿದ್ದೆಹೋದರು. ನಾಲ್ವರೂ ಒಂದೇ ಸೂರಿನಡಿ ಇದ್ದರು, ಆದರೆ ನಾಲ್ಕು ಬೇರೆ ಬೇರೆ ಊರುಗಳಲ್ಲಿದ್ದಂತೆ ಇದ್ದರು. ಇದು ಯಾರೋ ಪರಕೀಯರ ಮನೆಯ ಕಥೆಯಲ್ಲ, ನಮ್ಮೆಲ್ಲರ ಮನೆಯ ಕಥೆ.

ದೂರದರ್ಶನದ ಬೆಂಗಳೂರು ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಆಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂತಹ ಊರುಗಳಲ್ಲಿ ಬೀದಿಗೆ ಒಂದು ಟಿ.ವಿ. ಇದ್ದರೆ ಅದೇ ಹೆಚ್ಚು. ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕು, ಇನ್ನೊಬ್ಬರು ಕೆಳಗಿನಿಂದ 'ಬಂತು, ಬಂತು' ಎಂದು ಕೂಗಬೇಕು. ಹಿರಿಯರಿಗೆ ಇದೆಲ್ಲ ನೆನಪಿರಬಹುದು. ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಕಸ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಆ ದಿನಗಳಲ್ಲಿ ಒಂದು ಒಳ್ಳೆಯ ಅಭ್ಯಾಸವಿತ್ತು. ಜನ ಕೂಡಿ ನೋಡುತ್ತಿದ್ದರು, ನೋಡಿದ್ದರ ಬಗ್ಗೆ ಮರುದಿನ ಮಾತಾಡುತ್ತಿದ್ದರು. ಆ ಅಭ್ಯಾಸವನ್ನು ಮನೆಗೆ ಮತ್ತೆ ತರಲು ಕೆಲವು ಹಳೆಯ ಧಾರಾವಾಹಿಗಳು ನೆರವಾಗಬಲ್ಲವು.

ಧರ್ಮಸಭೆಯ ಕಿವಿಮಾತು

ಟೆಲಿವಿಷನ್ನಿಗೂ ಒಬ್ಬ ಪಾಲಕ ಸಂತರಿದ್ದಾರೆ ಎಂಬುದು ನಿಮಗೆ ಗೊತ್ತೇ? ಅವರು ಅಸ್ಸಿಸಿಯ ಸಂತ ಕ್ಲಾರಾ. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಆಕೆ ಕ್ರಿಸ್ತಜಯಂತಿಯ ರಾತ್ರಿ ದೇವಾಲಯಕ್ಕೆ ಹೋಗಲಾರದೆ ಮಲಗಿದ್ದಾಗ, ಅಲ್ಲಿನ ಆರಾಧನೆ ಆಕೆಗೆ ಮಲಗಿದ್ದಲ್ಲಿಯೇ ಕಂಡಿತು, ಕೇಳಿಸಿತು ಎಂಬುದು ಪರಂಪರೆ. ಈ ಕಾರಣದಿಂದ ಜಗದ್ಗುರು ಹನ್ನೆರಡನೇ ಪಯಸ್‌ರವರು ಆಕೆಯನ್ನು ಟೆಲಿವಿಷನ್ನಿನ ಪಾಲಕಿಯೆಂದು ಸಾರಿದರು. ದೂರದಲ್ಲಿರುವವರನ್ನು ಹತ್ತಿರ ತರುವುದೇ ಈ ಸಾಧನದ ಸಾರ್ಥಕತೆ. ಹತ್ತಿರವಿರುವವರನ್ನೇ ದೂರ ಮಾಡಿದರೆ ಅದು ದಾರಿ ತಪ್ಪಿದೆ ಎಂದೇ ಅರ್ಥ.

1994 ಅಂತಾರಾಷ್ಟ್ರೀಯ ಕುಟುಂಬ ವರ್ಷವಾಗಿತ್ತು. ಆ ವರ್ಷದ ವಿಶ್ವ ಸಂಪರ್ಕ ಮಾಧ್ಯಮ ದಿನಕ್ಕೆ ಜಗದ್ಗುರು ಎರಡನೇ ಜಾನ್ ಪಾಲ್‌ರವರು ಆರಿಸಿಕೊಂಡ ವಿಷಯ 'ಟೆಲಿವಿಷನ್ ಮತ್ತು ಕುಟುಂಬ'. ಟಿ.ವಿ.ಯನ್ನು ಮಗು ನೋಡಿಕೊಳ್ಳುವ ಆಯಾಳಂತೆ ಬಳಸುವ ತಂದೆತಾಯಿಗಳು ತಮ್ಮ ಮೊದಲ ಕರ್ತವ್ಯವನ್ನೇ ಬಿಟ್ಟುಕೊಡುತ್ತಾರೆ ಎಂದು ಅವರು ಎಚ್ಚರಿಸಿದರು. ಏನು ನೋಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ, ನೋಡಿದ್ದನ್ನು ಮಕ್ಕಳೊಂದಿಗೆ ಚರ್ಚಿಸಿ, ಬೇಕಾದಾಗ ಗುಂಡಿ ಒತ್ತಿ ನಿಲ್ಲಿಸುವ ಧೈರ್ಯವೂ ಇರಲಿ ಎಂಬುದು ಅವರ ಸಲಹೆಯ ಸಾರ. ಟಿ.ವಿ.ಯ ಜಾಗದಲ್ಲಿ ಮೊಬೈಲು ಎಂದು ಓದಿಕೊಂಡರೆ ಈ ಮಾತು ಇಂದಿಗೇ ಬರೆದಂತಿದೆ.

ನಮ್ಮ ತಾಲ್ಲೂಕಿನವರ 'ಮಾಯಾಮೃಗ'

ಒಳ್ಳೆಯ ಧಾರಾವಾಹಿಯನ್ನು ಹುಡುಕಲು ನಾವು ಬಹಳ ದೂರ ಹೋಗಬೇಕಿಲ್ಲ. ಟಿ.ಎನ್. ಸೀತಾರಾಮ್ ಗೌರಿಬಿದನೂರು ತಾಲ್ಲೂಕಿನ ದೊಡ್ಡ ಕುರುಗೋಡಿನವರು. ಕಾನೂನು ಓದಿದವರು, ನಾಟಕ ಬರೆದವರು. ಪಿ. ಲಂಕೇಶರ 'ಪಲ್ಲವಿ' ಚಿತ್ರದಲ್ಲಿ ನಟಿಸಿದವರು. 1998ರಲ್ಲಿ ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರೊಂದಿಗೆ ಸೇರಿ ಅವರು ದೂರದರ್ಶನಕ್ಕಾಗಿ ರೂಪಿಸಿದ 'ಮಾಯಾಮೃಗ' ಕನ್ನಡದ ಮನೆಮನೆಯ ಮಾತಾಯಿತು. ಅನಂತರ 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ', 2018ರಲ್ಲಿ ಆರಂಭವಾದ 'ಮಗಳು ಜಾನಕಿ' ಬಂದವು. 2022ರಲ್ಲಿ 'ಮತ್ತೆ ಮಾಯಾಮೃಗ' ಎಂಬ ಮುಂದುವರಿಕೆಯೂ ಬಂತು.

ರಾಮಾಯಣದಲ್ಲಿ ಚಿನ್ನದ ಜಿಂಕೆಯ ಬೆನ್ನು ಹತ್ತಿದ್ದರಿಂದಲೇ ಮನೆ ಒಡೆಯಿತು. ಆ ಹೆಸರನ್ನೇ ಹೊತ್ತ ಈ ಧಾರಾವಾಹಿ ಮಧ್ಯಮ ವರ್ಗದ ಮನೆಗಳ ಆಸೆ, ಸಾಲ, ಮದುವೆ, ಮುರಿದ ನಂಬಿಕೆಗಳನ್ನು ಎದುರಿಗಿಡುತ್ತದೆ. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ನ್ಯಾಯಾಲಯದ ದೃಶ್ಯಗಳು ಹೆಸರುವಾಸಿ. ಅಲ್ಲಿ ಒಂದು ಪಕ್ಷದ ವಾದವನ್ನು ಕೇಳಿ 'ಹೌದಲ್ಲ' ಎನ್ನುವಷ್ಟರಲ್ಲಿ ಎದುರು ಪಕ್ಷದ ವಕೀಲರು ಎದ್ದು ನಿಲ್ಲುತ್ತಾರೆ, ಅವರ ಮಾತೂ ನಮಗೆ ಸರಿಯೆನಿಸುತ್ತದೆ. ತಪ್ಪು ಮಾಡಿದವನಿಗೂ ತನ್ನ ಮಾತು ಹೇಳಲು ಅವಕಾಶವಿದೆ.

ನಮ್ಮ ಮನೆಗಳಲ್ಲಿ ಅತ್ತೆ ಸೊಸೆಯ ಜಗಳವಾದಾಗ, ಅಣ್ಣ ತಮ್ಮಂದಿರ ನಡುವೆ ಜಮೀನಿನ ಮಾತು ಬಂದಾಗ, ಎರಡೂ ಕಡೆಯ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ ಎಷ್ಟು ಮಂದಿಗಿದೆ? ತೀರ್ಪು ಮೊದಲು, ವಿಚಾರಣೆ ಆಮೇಲೆ ಎಂಬಂತಾಗಿದೆ ನಮ್ಮ ರೀತಿ. ಈ ಧಾರಾವಾಹಿಯನ್ನು ಮತ್ತೆ ನೋಡುವಾಗ ಒಂದು ಪ್ರಯೋಗ ಮಾಡಿ. ವಾದ ನಡೆಯುವಾಗ ಅರ್ಧಕ್ಕೆ ನಿಲ್ಲಿಸಿ, 'ನೀನು ನ್ಯಾಯಾಧೀಶನಾಗಿದ್ದರೆ ಏನು ಹೇಳುತ್ತಿದ್ದೆ?' ಎಂದು ಮಕ್ಕಳನ್ನು ಕೇಳಿ. ಅವರ ಉತ್ತರ ನಿಮ್ಮನ್ನು ಬೆರಗುಗೊಳಿಸೀತು.

ತಂದೆಯೊಬ್ಬನು ಕೊಟ್ಟ ಮಾತು

ಆರ್.ಕೆ. ನಾರಾಯಣ್ ಅವರ ಕಥೆಗಳನ್ನಾಧರಿಸಿ 1986ರಲ್ಲಿ ತೆರೆಗೆ ಬಂದ 'ಮಾಲ್ಗುಡಿ ಡೇಸ್' ಹಿಂದಿಯಲ್ಲಿದ್ದರೂ ಅದರ ಮಣ್ಣು ಕನ್ನಡದ್ದೇ. ಮೊದಲ 39 ಕಂತುಗಳನ್ನು ನಿರ್ದೇಶಿಸಿದವರು ಶಂಕರ್‌ನಾಗ್, ನಿರ್ಮಿಸಿದವರು ಟಿ.ಎಸ್. ನರಸಿಂಹನ್. ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ. ಸಂಗೀತ ಎಲ್. ವೈದ್ಯನಾಥನ್ ಅವರದು, ರೇಖಾಚಿತ್ರಗಳು ಆರ್.ಕೆ. ಲಕ್ಷ್ಮಣ್ ಅವರವು. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ ಅದರಲ್ಲಿ ಮಾಲ್ಗುಡಿಯ ನಿಲ್ದಾಣವಾಯಿತು. ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರಕ್ಕೆ ಓಡುತ್ತಿದ್ದ ಹಳೆಯ ನ್ಯಾರೋಗೇಜ್ ರೈಲನ್ನು ಕಂಡವರಿಗೆ ಆ ನಿಲ್ದಾಣ ತಮ್ಮದೇ ಎನಿಸಿದರೆ ಆಶ್ಚರ್ಯವಿಲ್ಲ.

ಅದರಲ್ಲಿ 'ತಿಂಗಳಿಗೆ ನಲವತ್ತೈದು ರೂಪಾಯಿ' ಎಂಬರ್ಥದ ಹೆಸರಿನ ಕಥೆಯೊಂದಿದೆ. ತಂದೆಯ ಪಾತ್ರದಲ್ಲಿ ವಿಷ್ಣುವರ್ಧನ್ ನಟಿಸಿದ್ದಾರೆ. ಕಥೆ ಇಷ್ಟೇ: ಸಂಜೆ ಸಿನಿಮಾಕ್ಕೆ ಕರೆದೊಯ್ಯುವುದಾಗಿ ವೆಂಕಟರಾವ್ ಪುಟ್ಟ ಮಗಳು ಶಾಂತಾಳಿಗೆ ಮಾತು ಕೊಡುತ್ತಾನೆ. ಮಗು ಒಳ್ಳೆಯ ಉಡುಪು ಹಾಕಿಕೊಂಡು ಕಾಯುತ್ತದೆ. ಕಚೇರಿಯಲ್ಲಿ ಬಿಡುವು ಸಿಗುವುದಿಲ್ಲ. ರೋಸಿಹೋದ ತಂದೆ ರಾಜೀನಾಮೆ ಬರೆಯುತ್ತಾನೆ. ಅಷ್ಟರಲ್ಲಿ ಐದು ರೂಪಾಯಿ ಸಂಬಳ ಹೆಚ್ಚಿದ ಸುದ್ದಿ ಬರುತ್ತದೆ. ಆತ ರಾಜೀನಾಮೆಯನ್ನು ಹಿಂದಕ್ಕೆ ಪಡೆಯುತ್ತಾನೆ. ಮನೆಗೆ ಬರುವಾಗ ರಾತ್ರಿಯಾಗಿದೆ. ಉಡುಪು ಸಹ ಬದಲಿಸದೆ ಮಗು ನಿದ್ದೆಹೋಗಿದೆ.

ಈ ಕಥೆಯಲ್ಲಿ ಕೆಟ್ಟವರು ಯಾರು? ತಂದೆ ಸೋಮಾರಿಯಲ್ಲ, ಪ್ರೀತಿಯಿಲ್ಲದವನೂ ಅಲ್ಲ. ದುಡಿಯುವುದು ಮಗಳಿಗಾಗಿಯೇ, ಆದರೆ ಆ ದುಡಿಮೆಯೇ ಮಗಳ ಸಂಜೆಯನ್ನು ನುಂಗಿತು. ಗೌರಿಬಿದನೂರಿನಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗುವ ತಂದೆಯೇ, ಶಿಡ್ಲಘಟ್ಟದಲ್ಲಿ ದಿನವಿಡೀ ರೇಷ್ಮೆ ನೂಲು ಬಿಚ್ಚುವ ತಾಯಿಯೇ, ಚಿಂತಾಮಣಿಯ ಮಂಡಿಯಲ್ಲಿ ಹೊತ್ತು ಕಳೆಯುವ ರೈತನೇ, ಇದು ನಿಮ್ಮ ಕಥೆಯೂ ಹೌದು. ನಿಮ್ಮನ್ನು ದೂರಲು ಇದನ್ನು ಹೇಳುತ್ತಿಲ್ಲ. ಹೊಟ್ಟೆಪಾಡು ಹೊಟ್ಟೆಪಾಡೇ. ಆದರೆ ಈ ಕಂತನ್ನು ಮಕ್ಕಳೊಡನೆ ಕುಳಿತು ನೋಡಿದರೆ, 'ನನಗೂ ಬೇಗ ಬರಬೇಕೆಂಬ ಆಸೆಯಿದೆ ಕಣಪ್ಪಾ' ಎಂದು ಹೇಳಲು ನಿಮಗೊಂದು ದಾರಿ ಸಿಗುತ್ತದೆ. 'ನಾನು ಕಾಯುತ್ತಿದ್ದೆ' ಎಂದು ಹೇಳಲು ಮಗುವಿಗೂ ದಾರಿ ಸಿಗುತ್ತದೆ.

ಅಂಚೆಯಣ್ಣ ಮಾಡಿದ್ದು ಸರಿಯೇ?

ಅದೇ ಮಾಲೆಯ ಇನ್ನೊಂದು ಕಥೆ ಕಾಣೆಯಾದ ಅಂಚೆಯದು. ಅಂಚೆಯಣ್ಣ ತಾನಪ್ಪ ಎಲ್ಲರ ಮನೆಯ ಸುಖದುಃಖ ಬಲ್ಲವನು. ರಾಮಾನುಜಂ ಅವರ ಮಗಳ ಮದುವೆ ಹತ್ತಿರವಾದಾಗ ಬಂಧುವೊಬ್ಬರಿಗೆ ಕಾಯಿಲೆ ಹೆಚ್ಚಿದೆಯೆಂಬ ಕಾಗದ, ಆಮೇಲೆ ಸಾವಿನ ತಂತಿ ಬರುತ್ತದೆ. ಆ ದಿನ ತಪ್ಪಿದರೆ ಮದುವೆಯೇ ತಪ್ಪೀತು. ತಾನಪ್ಪ ಎರಡನ್ನೂ ತನ್ನಲ್ಲಿಯೇ ಇಟ್ಟುಕೊಳ್ಳುತ್ತಾನೆ. ಮದುವೆ ಮುಗಿದ ಮೇಲೆ ತಾನೇ ಬಂದು ತಪ್ಪೊಪ್ಪಿಕೊಳ್ಳುತ್ತಾನೆ.

ಅವನ ಉದ್ದೇಶ ಒಳ್ಳೆಯದು, ಸಂದೇಹವಿಲ್ಲ. ಆದರೆ ಸಾಯುತ್ತಿದ್ದವರನ್ನು ಕೊನೆಯ ಬಾರಿ ನೋಡುವ ಹಕ್ಕನ್ನು ಇನ್ನೊಬ್ಬರಿಂದ ಕಿತ್ತುಕೊಳ್ಳಲು ಅವನಿಗೆ ಅಧಿಕಾರ ಕೊಟ್ಟವರು ಯಾರು? ಒಳ್ಳೆಯದಕ್ಕಾಗಿ ಸತ್ಯವನ್ನು ಮುಚ್ಚಿಡಬಹುದೇ? ರೋಗಿಗೆ ಕಾಯಿಲೆಯ ನಿಜ ಹೇಳದಿರುವುದು, ಮದುವೆಯ ಮಾತುಕತೆಯಲ್ಲಿ ಒಂದನ್ನು ಮರೆಮಾಡುವುದು ನಮ್ಮ ಕುಟುಂಬಗಳಲ್ಲಿಯೂ ಇಲ್ಲವೇ? ಕಥೆ ತೀರ್ಪು ಕೊಡುವುದಿಲ್ಲ, ನಮಗೇ ಬಿಡುತ್ತದೆ. ಪ್ರಭುವಿನ ಸಾಮತಿಗಳೂ ಹಲವು ಸಲ ಹಾಗೆಯೇ ಅಲ್ಲವೇ? ದುಂದುಗಾರ ಮಗನ ಸಾಮತಿಯಲ್ಲಿ ಮುನಿದು ಹೊರಗೆ ನಿಂತ ಹಿರಿಯ ಮಗ ಕೊನೆಗೆ ಒಳಗೆ ಬಂದನೋ ಇಲ್ಲವೋ ಎಂದು ಲೂಕನ ಶುಭಸಂದೇಶ ಹೇಳುವುದಿಲ್ಲ. ಉತ್ತರ ಕೇಳುಗನ ಬಾಳಿನಿಂದ ಬರಬೇಕು.

ನೋಡುವ ಕ್ರಮ

ಮೊದಲನೆಯದಾಗಿ, ವಾರಕ್ಕೆ ಒಂದೇ ಕಂತು ಸಾಕು. ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. 'ಮಾಯಾಮೃಗ', 'ಮಾಲ್ಗುಡಿ ಡೇಸ್' ಕಂತುಗಳು ಯೂಟ್ಯೂಬಿನಲ್ಲಿ ಸಿಗುತ್ತವೆ, ದೊಡ್ಡ ಪರದೆಗೆ ಜೋಡಿಸಿ ಎಲ್ಲರೂ ಒಟ್ಟಿಗೆ ನೋಡಿ.

ಎರಡನೆಯದಾಗಿ, ಆ ಅರ್ಧ ಗಂಟೆ ಎಲ್ಲರ ಮೊಬೈಲುಗಳೂ ಪಕ್ಕಕ್ಕಿರಲಿ, ಅಪ್ಪನ ಮೊಬೈಲು ಮೊದಲು.

ಮೂರನೆಯದಾಗಿ, ಕಥೆ ನಿಧಾನವೆಂದು ಮಕ್ಕಳು ಗೊಣಗಿದರೆ ಗದರಬೇಡಿ. ಎರಡು ವಾರ ತಾಳಿರಿ. ನಿಧಾನವಾಗಿ ನೋಡುವುದನ್ನೂ ಕಲಿಯಬೇಕಾಗುತ್ತದೆ.

ನಾಲ್ಕನೆಯದಾಗಿ, ಹಳೆಯದನ್ನು ಕಣ್ಣುಮುಚ್ಚಿ ಹೊಗಳಬೇಡಿ. ಹೆಣ್ಣು ಸಹಿಸಿಕೊಳ್ಳುವುದೇ ಹಿರಿಮೆ ಎಂಬಂತೆ ತೋರಿಸಿದ ಕಡೆ 'ಇದು ಸರಿಯಲ್ಲ' ಎಂದು ಮಗಳ ಎದುರಿಗೇ, ಮಗನಿಗೂ ಕೇಳಿಸುವಂತೆ ಹೇಳಿ.

ವಯಸ್ಕ ಮಕ್ಕಳಿರುವ ಮನೆಗಳಿಗೆ ಇನ್ನೊಂದು ಸಲಹೆ: ಭೈರಪ್ಪನವರ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿಯವರು ಧಾರಾವಾಹಿಯಾಗಿಸಿದ 'ಗೃಹಭಂಗ'. ಹೊಣೆಗೇಡಿ ಗಂಡನನ್ನು ಕಟ್ಟಿಕೊಂಡು ಹಸಿವು, ಪ್ಲೇಗುಗಳ ನಡುವೆ ಮನೆಯನ್ನು ಹಿಡಿದು ನಿಲ್ಲಿಸುವ ನಂಜಮ್ಮನ ಕಥೆ ಸುಲಭವಾಗಿ ಮರೆಯುವಂಥದ್ದಲ್ಲ.

ಮನೆಯಲ್ಲಿ ಚರ್ಚಿಸಿ

1. ನಾನು ಯಾರಿಗಾದರೂ ಕೊಟ್ಟ ಮಾತನ್ನು ಈ ತಿಂಗಳು ಮುರಿದಿದ್ದೇನೆಯೇ? ಅವರ ಬಳಿ ಕ್ಷಮೆ ಕೇಳಿದೆನೇ?

2. ತಾನಪ್ಪನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ರಾಮಾನುಜಂ ಜಾಗದಲ್ಲಿದ್ದರೆ ಅವನನ್ನು ಕ್ಷಮಿಸುತ್ತಿದ್ದಿರಾ?

3. ನಮ್ಮ ಮನೆಯ ಕಳೆದ ಜಗಳದಲ್ಲಿ ಯಾರ ಮಾತನ್ನು ನಾವು ಕೊನೆಯವರೆಗೆ ಕೇಳಲಿಲ್ಲ?

4. ನಮ್ಮ ಕುಟುಂಬ ಬೆನ್ನು ಹತ್ತಿರುವ ಚಿನ್ನದ ಜಿಂಕೆ ಯಾವುದು?

ಮೂರನೆಯ ಪ್ರಶ್ನೆಗೆ ಉತ್ತರಿಸುವಾಗ ಸ್ವಲ್ಪ ಮೌನ ಆವರಿಸಬಹುದು. ಅವಸರಪಟ್ಟು ಅದನ್ನು ಮುರಿಯಬೇಡಿ. ಕಂತು ಮುಗಿಯಿತು, ಟಿ.ವಿ. ಆರಿತು, ಮನೆಮಂದಿ ಮಾತ್ರ ಇನ್ನೂ ಎದ್ದು ಹೋಗದೆ ಕುಳಿತಿದ್ದಾರೆ ಎಂದಾದರೆ ಆ ಸಂಜೆ ಸಾರ್ಥಕ. ಜಪಸರವನ್ನು ಕೈಗೆತ್ತಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನಾವುದು?