ಗೋದಾಮಿನ ಕಾವಲು: ಎಚ್ಚರಿಕೆ ಗಂಟೆ, ಫ್ಯಾನು ಮತ್ತು ದಾಖಲೆ



ಬೆಲೆ ಏರಲೆಂದು ಮಳೆಗಾಲದವರೆಗೆ ಕಾಫಿ ಚೆರ್ರಿಯನ್ನು ಕಾದಿರಿಸುವ ಪದ್ಧತಿ ನಮ್ಮಲ್ಲಿ ಅನೇಕರಿಗುಂಟು. ರೊಬಸ್ಟಾ ಚೆರ್ರಿಯನ್ನು ಕಣದಲ್ಲಿ ಶೇಕಡಾ 11ರ ತೇವಾಂಶಕ್ಕೆ ಒಣಗಿಸಿ ಚೀಲ ತುಂಬಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮಳೆಗಾಲದ ಗಾಳಿಯಿಂದ ಅದು ಮತ್ತೆ ತೇವ ಹೀರುತ್ತದೆ. ಬೂಷ್ಟು ಹಿಡಿದರೆ ವರ್ಷದ ದುಡಿಮೆ ಹಾಳು. ಬೂಷ್ಟಿನಿಂದ ಉಂಟಾಗುವ ಆಕ್ರಟಾಕ್ಸಿನ್ ಎಂಬ ವಿಷಕ್ಕೆ ಹುರಿದ ಕಾಫಿಯಲ್ಲಿ ಕಿಲೋಗೆ 5 ಮೈಕ್ರೊಗ್ರಾಂ ಇದ್ದ ಮಿತಿಯನ್ನು ಐರೋಪ್ಯ ಒಕ್ಕೂಟವು 2023ರ ಜನವರಿಯಿಂದ 3ಕ್ಕೆ ಇಳಿಸಿದೆ.

ಮನೆ ಒಂದೆಡೆ, ಗೋದಾಮು ಇನ್ನೊಂದೆಡೆ ಇರುವವರು ಈಗ ಕಾವಲು ಉಪಕರಣ ಕೂರಿಸುತ್ತಿದ್ದಾರೆ. ಅದು ಉಷ್ಣತೆ, ಆರ್ದ್ರತೆಗಳನ್ನು ಅಳೆದು ದಾಖಲಿಸುತ್ತದೆ. ಮಿತಿ ಮೀರಿದರೆ ಮೊಬೈಲಿಗೆ ಸುದ್ದಿ ಕಳುಹಿಸಿ ಫ್ಯಾನನ್ನೂ ಓಡಿಸುತ್ತದೆ. ಆದರೆ ಕೊಂಡು ತಂದರೆ ಸಾಲದು, ಅದಕ್ಕೆ ಸರಿಯಾದ ಅಪ್ಪಣೆ ಕೊಡುವುದನ್ನೂ ಕಲಿಯಬೇಕು.

ನಮ್ಮ ತಪ್ಪನ್ನೇ ಮೊದಲು ಹೇಳುತ್ತೇವೆ. ಆರ್ದ್ರತೆ ಶೇಕಡಾ 70 ದಾಟಿದರೆ ಎಕ್ಸಾಸ್ಟ್ ಫ್ಯಾನ್ ಓಡಲಿ ಎಂದಷ್ಟೇ ಹೊಂದಿಸಿದ್ದೆವು. ಪುನರ್ವಸು ಮಳೆಯಲ್ಲಿ ಫ್ಯಾನ್ ಮೂರು ರಾತ್ರಿ ನಿಲ್ಲದೆ ಓಡಿತು. ಮೊಬೈಲಿಗೆ ಸುದ್ದಿ ಬಂದರೂ, ಫ್ಯಾನ್ ಓಡುತ್ತಿದೆಯಲ್ಲ ಎಂದು ನಿಶ್ಚಿಂತೆಯಿಂದಿದ್ದೆವು. ನಾಲ್ಕನೆಯ ದಿನ ಬಾಗಿಲು ತೆರೆದಾಗ ಬೂಷ್ಟಿನ ವಾಸನೆ! ದಾಖಲೆ ನೋಡಿದರೆ, ಫ್ಯಾನ್ ಶುರುವಾದ ಮೇಲೆ ಆರ್ದ್ರತೆ ಇಳಿಯುವುದಿರಲಿ, ಏರಿತ್ತು.

ಕಾರಣ ಸರಳ. ಒಳಗೆ 25 ಡಿಗ್ರಿ ಉಷ್ಣತೆ, ಶೇಕಡಾ 75 ಆರ್ದ್ರತೆ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 17 ಗ್ರಾಂ ನೀರಿನ ಆವಿ ಇರುತ್ತದೆ. ಹೊರಗೆ 22 ಡಿಗ್ರಿ, ಶೇಕಡಾ 95 ಇದ್ದರೆ ಅದು 18 ಗ್ರಾಂ ಮೀರುತ್ತದೆ. ಫ್ಯಾನ್ ಓಡಿದಷ್ಟೂ ನಾವೇ ತೇವವನ್ನು ಒಳಗೆ ಕರೆದಂತೆ. ಅದೇ ಹೊರಗೆ 20 ಡಿಗ್ರಿ, ಶೇಕಡಾ 90 ಇದ್ದರೆ ಆವಿ ಸುಮಾರು 15.5 ಗ್ರಾಂ ಮಾತ್ರ. ಆಗ ಫ್ಯಾನಿನಿಂದ ಲಾಭವುಂಟು. ಆದುದರಿಂದ ಶೇಕಡಾವಾರು ಅಂಕಿಯೊಂದನ್ನೇ ನಂಬತಕ್ಕದ್ದಲ್ಲ.

ಹೊಂದಿಸುವಾಗ ಗಮನಿಸತಕ್ಕ ಅಂಶಗಳು ಇವು:

1. ಒಳಗೊಂದು, ಹೊರಗೊಂದು ಸೆನ್ಸರ್ ಇರಲಿ. ಹೊರಗಿನ ಗಾಳಿಯಲ್ಲಿ ಆವಿ ಕಡಿಮೆ ಇದ್ದಾಗ ಮಾತ್ರ ಫ್ಯಾನ್ ಓಡಲಿ. ಒಂದೇ ಸೆನ್ಸರ್ ಇದ್ದವರು ಫ್ಯಾನನ್ನು ಅದಕ್ಕೆ ಜೋಡಿಸದೆ ಎಚ್ಚರಿಕೆಗೆ ಮಾತ್ರ ಬಳಸುವುದು ಲೇಸು.

2. ಶುರುವಾಗುವ ಅಂಕಿ, ನಿಲ್ಲುವ ಅಂಕಿ ಬೇರೆಯಿರಲಿ. 70ಕ್ಕೆ ಶುರುವಾದರೆ 65ಕ್ಕೆ ನಿಲ್ಲಲಿ. ಎರಡೂ ಒಂದೇ ಆದರೆ ಫ್ಯಾನ್ ಗಳಿಗೆಗೊಮ್ಮೆ ಶುರುವಾಗಿ ನಿಂತು ಮೋಟಾರು ಕೆಡುತ್ತದೆ.

3. ಮಿತಿ ಮೀರಿ ಹತ್ತು ನಿಮಿಷವಾದ ಮೇಲೆ ಎಚ್ಚರಿಕೆ ಬರಲಿ. ಬಾಗಿಲು ತೆರೆದಾಗಲೆಲ್ಲ ಗಂಟೆ ಹೊಡೆದರೆ ಕೊನೆಗೆ ಯಾರೂ ಕಿವಿಗೊಡುವುದಿಲ್ಲ.

4. ದಾಖಲೆಗೆ 15 ನಿಮಿಷದ ಅಂತರ ಸಾಕು. ದಿನಕ್ಕೆ 96 ದಾಖಲೆಗಳಾಗುತ್ತವೆ. ನಿಮಿಷಕ್ಕೊಂದಾದರೆ 1,440. ಉಪಕರಣದಲ್ಲಿ 16,000 ದಾಖಲೆಗಳಿಗೆ ಜಾಗವಿದ್ದರೆ ಮೊದಲನೆಯ ಕ್ರಮದಲ್ಲಿ ಐದು ತಿಂಗಳು ಮೀರಿ ಬಾಳುತ್ತದೆ, ಎರಡನೆಯದರಲ್ಲಿ 11 ದಿನ. ಫ್ಯಾನ್ ಶುರುವಾದ, ನಿಂತ ವೇಳೆಯೂ ದಾಖಲಾಗಲಿ. ನಮ್ಮ ತಪ್ಪು ಪತ್ತೆಯಾದದ್ದು ಅದರಿಂದಲೇ.

5. ಫ್ಯಾನಿನ ಹತೋಟಿ ಗೋದಾಮಿನ ಪೆಟ್ಟಿಗೆಯಲ್ಲೇ ಇರಲಿ. ಮಳೆಗೆ ಮೊಬೈಲ್ ಸಿಗ್ನಲ್ ಹೋದರೂ ಕೆಲಸ ನಿಲ್ಲಬಾರದು. ಪೆಟ್ಟಿಗೆಗೆ ಬ್ಯಾಟರಿ ಇರಲಿ. ಕರೆಂಟು ಹೋದದ್ದೂ ಸುದ್ದಿಯಾಗಿ ಬರಲಿ.

6. ಪ್ರತಿದಿನ ಬೆಳಿಗ್ಗೆ "ಎಲ್ಲವೂ ಸರಿ" ಎಂಬ ಸುದ್ದಿ ಬರುವಂತೆ ಮಾಡಿ. ಅದು ಬಾರದಿದ್ದ ದಿನ ಕೊಡೆ ಹಿಡಿದು ಹೋಗಿ ನೋಡತಕ್ಕದ್ದು. ಸುದ್ದಿ ಇಲ್ಲವೆಂದರೆ ಕ್ಷೇಮವೆಂದು ಅರ್ಥವಲ್ಲ.

ಸೆನ್ಸರ್ ಸರಿಯಿದೆಯೇ ಎಂದು ಪರೀಕ್ಷಿಸಲು ಅಡಿಗೆಮನೆಯ ಉಪ್ಪೇ ಸಾಕು. ಬಟ್ಟಲಿನಲ್ಲಿ ಉಪ್ಪಿಗೆ ಒದ್ದೆ ಮರಳಿನಂತಾಗುವಷ್ಟು ನೀರು ಬೆರೆಸಿ, ಉಪ್ಪು ತಾಗದಂತೆ ಸೆನ್ಸರನ್ನೂ ಜೊತೆಗಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಶೇಕಡಾ 75ರ ಆಸುಪಾಸು ತೋರಿಸಬೇಕು. ಬಹಳ ಹೆಚ್ಚುಕಡಿಮೆ ಇದ್ದರೆ ಸರಿಪಡಿಸಿ ಅಥವಾ ಬದಲಿಸಿ.

ಸುಲಿಯದೆ ಕಾದಿರಿಸಿದ ಅಡಿಕೆಗೂ, ಚಾಲಿಗೂ ಇದೇ ಪಾಠ ಅನ್ವಯಿಸುತ್ತದೆ. ಯಂತ್ರ ಕಾವಲುಗಾರನೇ ಹೊರತು ಯಜಮಾನನಲ್ಲ. ವಾರಕ್ಕೊಮ್ಮೆಯಾದರೂ ದಾಖಲೆ ಓದಿ, ಒಂದು ಚೀಲ ಬಿಚ್ಚಿ ಮೂಸಿ ನೋಡುವ ರೂಢಿಯನ್ನು ನಾವಾರೂ ಬಿಡದಿರೋಣ.